ಸೋದರಮಾವನ ಕುಲಾವಿ

ಪುಟ್ಟನಂಜವ್ವನಿಗೆ ಒಬ್ಬನೇ ಮಗ, ಚಿಕ್ಕಲಿಂಗ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ. ಅವಳ ಗೋಳೇ ಅದು.

ಮೇಲಿನ ಬೀದಿಗೆ ಕೊಟ್ಟಿದ್ದ ಮಗಳು ದೇವೀರಿ ಎರಡನೆಯದನ್ನು ಹೆತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಸೋದರಮಾವನೇ ಕುಲಾವಿ ತಂದು ಕೂಸಿನ ತಲೆಗೆ ಕಟ್ಟಬೇಕು. ಮೊದಲನೆಯದಕ್ಕೆ ಚಿಕ್ಕಲಿಂಗ ದಾರಿ ತಪ್ಪಿ ಸಂತೆಗೆ ಹೋಗಿದ್ದ. "ತವರು ಇದ್ದೂ ಇಲ್ಲದ ಹಾಗೆ" ಎಂದು ಬೀಗಿತ್ತಿ ಇವತ್ತಿಗೂ ಆಡುತ್ತಾಳೆ. "ಈ ಸಲ ಮರ್ಯಾದೆ ಉಳಿಸವ್ವ" ಎಂದು ದೇವೀರಿ ಹೇಳಿಕಳಿಸಿದ್ದಳು.

ಪುಟ್ಟನಂಜವ್ವ ಅಂಗಡಿಯಿಂದ ಹೊಸ ಕುಲಾವಿ ತಂದಳು. ಚಿಕ್ಕಲಿಂಗ ಮೂಸಿ ನೋಡಿದ.

"ಅವ್ವ, ಇದು ನಾರ್ತದೆ."

"ಹೊಸ ಬಟ್ಟೆ ಕಣೋ. ಸುಕ್ಕು ಬೀಳದಿರಲಿ, ಹುಳ ಹಿಡೀದಿರಲಿ ಅಂತ ಔಷಧಿ ಹಾಕಿರ್ತಾರೆ. ಎಳೇ ಮೈಗೆ ಆಗಲ್ಲ. ಆ ವಾಸನೆ ಹೋಗೋವರೆಗೂ ನೀರಲ್ಲಿ ನೆನೆಹಾಕು."

ನೆನೆಹಾಕಿದ. ದಿನಾ ಎತ್ತಿ ಮೂಸಿದ, ದಿನಾ ಮತ್ತೆ ಮುಳುಗಿಸಿದ. ಕೊನೆಗೆ ಕೊಳೆತು ಕಪ್ಪಾದ ಚಿಂದಿಯೊಂದನ್ನು ಹಿಡಿದು ಬಂದ.

"ಆ ವಾಸನೆ ಹೋಯ್ತು ಅವ್ವ. ಇದು ಬೇರೆ."

ಅವಳು ತಲೆ ಹಿಡಿದುಕೊಂಡು ಕೂತಳು. "ನೆನೆಸಿದ ಮೇಲೆ ಉಜ್ಜಿ, ಹಿಂಡಿ, ಬಿಸಿಲಿಗೆ ಹಾಕಬೇಕು ಕಣಪ್ಪ."

"ಹೂಂ ಅವ್ವ, ಹಂಗೇ ಮಾಡ್ತೀನಿ."

ಮಾರನೆಯ ದಿನ ಗುಗ್ಗರಿಗೆಂದು ಅವಳು ಕಡಲೆ ನೆನೆಸಿಟ್ಟಳು. ಚಿಕ್ಕಲಿಂಗ ಅದನ್ನು ಒಗೆಯುವ ಕಲ್ಲಿನ ಮೇಲೆ ಉಜ್ಜಿದ, ಹಿಂಡಿದ, ಬಿಸಿಲಿಗೆ ಹಾಕಿದ. ಕೋಳಿಗಳು ಬಂದವು, ತಿಂದವು, ಹೋದವು. ಅವನು ನೋಡುತ್ತ ನಿಂತಿದ್ದ.

"ಬಿಸಿಲಿಗೆ ಹಾಕಿದ್ದನ್ನ ಕಾಯಬೇಡ್ವೇನೋ? ಯಾರೇ ಬಂದ್ರೂ ಹತ್ತಿರ ಬಿಡಬಾರದು" ಎಂದಳು ಅವ್ವ. ಬೈಯುವ ಶಕ್ತಿಯೂ ಅವಳಿಗೆ ಉಳಿದಿರಲಿಲ್ಲ.

"ಹೂಂ ಅವ್ವ, ಹಂಗೇ ಮಾಡ್ತೀನಿ."

ಆ ಸಂಜೆ ತನ್ನ ಹಳೆಯ ಸೀರೆಯ ಸೆರಗು ಹರಿದು ತಾನೇ ಒಂದು ಕುಲಾವಿ ಹೊಲಿದಳು. ಎಷ್ಟೋ ಒಗೆತ ಕಂಡ ಬಟ್ಟೆ. ಔಷಧಿಯೂ ಇಲ್ಲ, ವಾಸನೆಯೂ ಇಲ್ಲ. ತೊಟ್ಟಿಲಿನ ದಿನ ಬೆಳಿಗ್ಗೆ ಅದನ್ನು ಒಗೆದು ಹಗ್ಗಕ್ಕೆ ಹಾಕಿ, "ಭಾವ ಬಂದು ಕುಲಾವಿ ತಗೊಂಡು ನಿನ್ನ ಕರ್ಕೊಂಡು ಬರ್ತಾನೆ" ಎಂದು ತಾನು ಮುಂದೆ ಹೋದಳು.

ಹೊತ್ತು ಏರಿತು. ಕರೆಯಲು ಹೋಗಿದ್ದ ಭಾವ ಬರಿಗೈಯಲ್ಲಿ ಕುಂಟುತ್ತ ವಾಪಸು ಬಂದ. "ಅತ್ತೆ, ನಿಮ್ಮ ಮಗ ಕೋಲು ಬೀಸಿದ." ಬೀಗಿತ್ತಿ ಎದ್ದಳು. ಬರಿದಲೆಯ ಕೂಸನ್ನೇ ಎತ್ತಿ ತೊಟ್ಟಿಲಿಗೆ ಹಾಕಿದಳು. ದೇವೀರಿ ಗೋಡೆಯ ಕಡೆ ತಿರುಗಿಕೊಂಡಳು.

ಪುಟ್ಟನಂಜವ್ವ ಕಾಲೆಳೆದುಕೊಂಡು ಮನೆಗೆ ಬಂದಳು. ಮಗ ಹಗ್ಗದ ಕೆಳಗೆ ಕೋಲು ಹಿಡಿದು ಕೂತಿದ್ದ.

"ಅಲ್ಲೇ ನಿಲ್ಲವ್ವ. ಯಾರೇ ಬಂದ್ರೂ ಬಿಡಬಾರದು ಅಂದಿದ್ದೀಯ."

ಅವಳು ನಿಂತಳು. "ಅದು ಒಣಗಿ ಎಷ್ಟು ಹೊತ್ತಾಯ್ತೋ ಮಗನೇ?"

"ಆಗಲೇ ಒಣಗ್ತು. ಒಣಗಿದ ಮೇಲೆ ಏನು ಮಾಡ್ಬೇಕು ಅಂತ ನೀನು ಹೇಳ್ಲೇ ಇಲ್ವಲ್ಲ."