ತಿರುಗಿಸಿಟ್ಟ ನಂದಿ

“ಅವ್ವಾ, ಮನೆಯ ದೇವರ ಜಗುಲಿಯ ಮೇಲೆ ನಂದಿಯನ್ನು ಲಿಂಗದ ಕಡೆಗೇ ಮುಖ ಮಾಡಿ ಕೂಡಿಸುತ್ತೇವೆ. ಬೇರೆ ಕಡೆ ತಿರುಗಿಸಿದರೆ ಏನು ತಪ್ಪು? ಹಿತ್ತಾಳೆ ತಾನೇ?” ಎಂದು ಶಿಷ್ಯನೊಬ್ಬ ತನ್ನ ಗುರುವನ್ನು ಕೇಳಿದ.

ಗುರು ಹತ್ತೂರು ತಿರುಗಿದ ಹೆಂಗಸು. ಹಿತ್ತಾಳೆ ಎಂಬುದೇನೋ ನಿಜ ಎಂದು ಒಪ್ಪಿಕೊಂಡು ಈ ಕತೆ ಹೇಳಿದಳು.

ಒಬ್ಬ ಖಣದ ವ್ಯಾಪಾರಿ ಇದ್ದ. ಗಂಟು ಹೊತ್ತು ಊರೂರು ತಿರುಗಿ ಹೆಂಗಸರಿಗೆ ಕುಪ್ಪಸದ ಬಟ್ಟೆ ಮಾರುತ್ತಿದ್ದ. ಗಂಡಸರು ಮನೆಯಲ್ಲಿ ಇಲ್ಲದ ಹೊತ್ತು ನೋಡಿಯೇ ಬಾಗಿಲಿಗೆ ಹೋಗುತ್ತಿದ್ದ. ವ್ಯಾಪಾರ ಕುದುರುವುದು ಆಗಲೇ. ಹೀಗಾಗಿ, ಒಬ್ಬಳೇ ಮನೆಯಲ್ಲಿರುವ ತನ್ನ ಹೆಂಡತಿಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ನಾಯಿ ಸಾಕಬಹುದಿತ್ತು. ಆದರೆ ನಾಯಿ ಅನ್ನ ಹಾಕುವವಳ ಪಕ್ಷ.

ಒಂದು ಸಲ ದೂರದ ಊರಿಗೆ ಹೊರಟಾಗ ಅವನು ಜಗುಲಿಯ ಮೇಲಿನ ನಂದಿಯನ್ನು ತಿರುಗಿಸಿದ. ಹೆಂಡತಿ ದಿನವೂ ಕೂತು ಜೋಳ ಹಸನು ಮಾಡುವ ಕಂಬದ ಕಡೆಗೆ ಅದರ ಮುಖ ಮಾಡಿದ. ಇವಳ ಮೇಲೆ ಕಣ್ಣಿಡು, ರೆಪ್ಪೆ ಬಡಿಯಬೇಡ ಎಂದು ಅವಳಿಗೆ ಕೇಳುವಂತೆಯೇ ಹೇಳಿದ.

“ಅದಕ್ಕೆ ರೆಪ್ಪೆ ಎಲ್ಲಿದೆ ರೀ?” ಎಂದು ಅವಳು ನಕ್ಕಳು.

ನಂದಿ ಹೇಳಿದಂತೆ ನಡೆದುಕೊಂಡಿತು. ಆದರೆ ಅದಕ್ಕೆ ಗೊತ್ತಿದ್ದುದು ಒಂದೇ ನೋಟ. ಇಷ್ಟು ವರ್ಷ ಲಿಂಗವನ್ನು ಹೇಗೆ ನೋಡಿತ್ತೋ ಹಾಗೆಯೇ ಅವಳನ್ನೂ ನೋಡಿತು.

ಮೂರು ತಿಂಗಳ ಮೇಲೆ, ಹಾಡಹಗಲಲ್ಲಿ, ವ್ಯಾಪಾರಿ ಮರಳಿ ಬಂದ. ಬಾಗಿಲು ತೆರೆದಿತ್ತು. ಒಳಗೆ ನೆರೆಯ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಹೆಂಡತಿ ಕಂಬಕ್ಕೆ ಒರಗಿ ಒದ್ದೆಯಾಗಿ ಕೂತಿದ್ದಳು. ಮೊದಲು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು ಎಂದು ಅವರು ಹೇಳಿದರು. ನೆತ್ತಿ ಉರಿಯುತ್ತದೆ, ನೀರು ಹಾಕಿ ಎಂದದ್ದೇ ಅವಳ ಕೊನೆಯ ಮಾತಂತೆ. ಅಂದಿನಿಂದ ಸರದಿಯ ಮೇಲೆ ಹಾಕುತ್ತಿದ್ದರು. ತಲೆಯಿಂದ ಇಳಿದ ನೀರು, ಲಿಂಗಕ್ಕೆ ಎರೆದ ನೀರಿನಂತೆ, ಬಡಗಣ ಗೋಡೆಯ ಕಡೆಗೇ ಹರಿಯುತ್ತಿತ್ತು. ನೆಲ ಆ ಕಡೆಗೆ ಇಳಿಜಾರಾಗಿರಲಿಲ್ಲ.

ಅವನು ಹೆಂಡತಿಯ ಹತ್ತಿರ ಹೋಗಲು ಹೆಜ್ಜೆ ಇಟ್ಟ. ಮುದುಕಿಯೊಬ್ಬಳು ಅವನ ತೋಳು ಹಿಡಿದಳು.

“ನಂದಿಗೂ ಆಕೆಗೂ ನಡುವೆ ಹಾಯಬ್ಯಾಡಪ್ಪಾ. ಸುತ್ತಿ ಹೋಗು.”

ಅವನಿಗೆ ಸಿಟ್ಟು ಬಂತು. ಜಗುಲಿಗೆ ಹೋಗಿ ನಂದಿಯನ್ನು ಮೊದಲಿನಂತೆ ತಿರುಗಿಸಿಡಲು ಕೈ ಹಾಕಿದ. ಲಿಂಗಕ್ಕೆ ಜೇಡ ಬಲೆ ಕಟ್ಟಿತ್ತು. ಅಂಗೈ ಅಗಲದ ನಂದಿ ಅಲುಗಲಿಲ್ಲ. ಎರಡೂ ಕೈಯಿಂದ ಹಿಡಿದ. ಅದರ ಬೆನ್ನು ಬೆಚ್ಚಗಿತ್ತು, ಮೆಲ್ಲಗೆ ಏರಿ ಇಳಿಯುತ್ತಿತ್ತು. ಬಲ ಹಾಕಲೆಂದು ಅದರ ಹಿಂದೆ ಬಾಗಿದಾಗ, ಎರಡು ಕೊಂಬುಗಳ ನಡುವೆ ಹೆಂಡತಿಯ ಮುಖ ಕಂಡಿತು. ಅವಳೂ ರೆಪ್ಪೆ ಬಡಿಯುತ್ತಿರಲಿಲ್ಲ.

ಹೆಸರು ಹಿಡಿದು ಕರೆದ. ಅವಳ ಕಣ್ಣು ನಂದಿಯನ್ನು ಬಿಟ್ಟು ಕದಲಲಿಲ್ಲ. ಇನ್ನೊಮ್ಮೆ ಕರೆಯಲು ಹೋದವನಿಗೆ ತನ್ನ ಕೈಗಳು ತಾವಾಗಿ ಮುಗಿದಿರುವುದು ತಿಳಿಯಿತು.

ಗುರು ಇಷ್ಟು ಹೇಳಿ ನಿಲ್ಲಿಸಿದಳು. ಶಿಷ್ಯ ತಡೆಯಲಾರದೆ, ಆಮೇಲಾದರೂ ಅವಳು ಎದ್ದಳೇ ಎಂದು ಕೇಳಿದ.

“ಅಂಥ ನೋಟ ಕಂಡವಳು ಎದ್ದು ಇನ್ನು ಯಾರ ಕಣ್ಣಿಗೆ ಬೀಳಬೇಕಿತ್ತಪ್ಪಾ?”