ಹಳದಿ ದೀಪ ಹತ್ತಿದ ದಿನ

"ಗುರುಗಳೇ, ಆರನೆಯದಾಗಿ ಯಾವ ವ್ರತ ಹಿಡಿಯಲಿ?" ಎಂದು ಶಿಷ್ಯ ಕೇಳಿದ.

ಐದು ವ್ರತಗಳನ್ನು ಅವನು ಆಗಲೇ ಹಿಡಿದಿದ್ದ. ಒಪ್ಪೊತ್ತಿನ ಊಟ, ಬರಿಯ ಚಾಪೆಯ ಮೇಲೆ ನಿದ್ದೆ, ನಸುಕಿನಲ್ಲಿ ತಣ್ಣೀರ ಸ್ನಾನ, ಉಪ್ಪಿಲ್ಲದ ಸೋಮವಾರ, ಮಾತಿಲ್ಲದ ಗುರುವಾರ. ಆದರೂ ಈಚೆಗೆ ಮನಸ್ಸಿಗೆ ನೆಮ್ಮದಿ ಇಲ್ಲ, ಜಪಕ್ಕೆ ಕೂತರೆ ಎದ್ದು ಹೋಗೋಣ ಅನ್ನಿಸುತ್ತದೆ ಎಂದ. ತನ್ನ ನಿಷ್ಠೆಯಲ್ಲಿ ಕೊರತೆ ಇಲ್ಲ ಎಂಬುದಕ್ಕೆ ಸಾಕ್ಷಿಯನ್ನೂ ಕೊಟ್ಟ. ಅವನನ್ನು ಎತ್ತಿ ಆಡಿಸಿದ ಅಕ್ಕ ಹೋದ ತಿಂಗಳು ಮೂರು ಬಸ್ಸು ಬದಲಿಸಿ ನೋಡಲು ಬಂದಿದ್ದಳು. ಅಂದು ಗುರುವಾರ. ಅವಳು ಸಂಜೆಯವರೆಗೆ ಎದುರಿಗೇ ಕೂತಿದ್ದರೂ ಅವನು ಬಾಯಿ ತೆರೆದಿರಲಿಲ್ಲ.

ಗುರುಗಳು ನಕ್ಕರು. "ವ್ರತ ಎಲ್ಲಿಗೂ ಓಡಿಹೋಗುವುದಿಲ್ಲ, ಕೂತುಕೋ. ಒಂದು ಹಳೆಯ ಕಾರಿನ ಕತೆ ಹೇಳುತ್ತೇನೆ" ಎಂದರು.

ಘಾಟಿಯ ಮೇಲಿನ ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಘಾಟಿ ಇಳಿದು ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬಸ್ಸಿನಲ್ಲಿ ವಾಪಸು ಬರುವಷ್ಟು ತ್ರಾಣ ಅವಳಿಗೆ ಉಳಿಯುತ್ತಿರಲಿಲ್ಲ. ಆದ್ದರಿಂದ ಹದಿನೈದು ವರ್ಷದ ಆ ಕಾರನ್ನು ಅವನು ಮನೆಯವರಲ್ಲಿ ಒಬ್ಬರಂತೆ ನೋಡಿಕೊಳ್ಳುತ್ತಿದ್ದ.

ಒಂದು ದಿನ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿತು. ಎಬಿಎಸ್ ಕೆಟ್ಟಿದೆ ಎಂದು ಹೇಳುವ ದೀಪ ಅದು. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರಗಳು ಬಿಗಿದು ನಿಲ್ಲದಂತೆ, ಕಾರು ಜಾರದಂತೆ ಕಾಯುವುದು ಎಬಿಎಸ್‌ನ ಕೆಲಸ. ಅದು ಕೆಟ್ಟರೂ ಬ್ರೇಕ್ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಮಾತ್ರ ದೇವರೇ ಗತಿ. ಚಾಲಕ ಹಾಗೆಯೇ ಅಂದುಕೊಂಡು ದೇವರನ್ನೇ ಹಿಡಿದ. ಶುಕ್ರವಾರ ಕಾರು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ನಾಲ್ಕೂ ಚಕ್ರಗಳಿಗೆ ಹಾರ ಕಟ್ಟಿದ. ಹಾರಗಳನ್ನು ಹೆಂಡತಿಯೇ ಕಟ್ಟಿಕೊಟ್ಟಳು.

ದೀಪ ಹತ್ತುವುದು ನಿಲ್ಲಲಿಲ್ಲ. ಮುಂದಿನ ಶುಕ್ರವಾರ ಇನ್ನೂ ದೊಡ್ಡ ಹಾರ ಕಟ್ಟಿದರು. ಮೊದಲು ಯಾವಾಗಲೋ ಒಮ್ಮೆ ಹತ್ತುತ್ತಿದ್ದ ದೀಪ ಈಗ ದಿನವೂ ಹತ್ತತೊಡಗಿತು.

ಒಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಎದುರಿಗೆ ದನ ಬಂತು. ಬ್ರೇಕ್ ಒತ್ತಿದ. ಕಾರು ಜಾರಿ ಘಾಟಿಯ ತಡೆಗೋಡೆಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಹೆಂಡತಿ ಕಿರುಚಲಿಲ್ಲ. ಆಸ್ಪತ್ರೆ ತಲುಪಿದ ಮೇಲೆ, "ರೀ, ಇನ್ನು ಇದೆಲ್ಲ ಸಾಕು. ನನ್ನೊಬ್ಬಳಿಗಾಗಿ ನಿಮ್ಮ ಜೀವಾನೂ ಯಾಕೆ ಕಳ್ಕೋಬೇಕು?" ಎಂದಳು. ಅವನಿಗೆ ಅಳು ಬಂತು.

ಒಂದು ಗ್ಯಾರೇಜಿಗೆ ಹೋದ. ಕಾರು ಹಳೆಯದು, ಅವರ ಪರೀಕ್ಷೆಯ ಯಂತ್ರಕ್ಕೆ ಜೋಡಣೆಯೇ ಆಗಲಿಲ್ಲ. ಸುಮ್ಮನೆ ಕಳಿಸಬಾರದೆಂದು ಬ್ರೇಕ್ ಪ್ಯಾಡು ಬದಲಿಸಿದರು. ಇನ್ನೊಂದು ಗ್ಯಾರೇಜಿನವರು ಎಬಿಎಸ್ ಪೆಟ್ಟಿಗೆಯನ್ನೇ ತೆಗೆದು ಬೇರೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ದೀಪ ಹತ್ತುತ್ತಲೇ ಇತ್ತು.

ಕೊನೆಗೆ ಒಂದು ದಿನ ಆಸ್ಪತ್ರೆಯಿಂದ ಹೆಂಡತಿಯನ್ನು ಕರೆತರುವಾಗ, ಘಾಟಿಯ ಬುಡದಲ್ಲಿದ್ದ ಒಬ್ಬ ಮುದಿ ಮೇಸ್ತ್ರಿಯ ಬಳಿಗೆ ಹೋದ. ಆತ ಬಾನೆಟ್ಟು ಎತ್ತಲಿಲ್ಲ, ಸ್ಪ್ಯಾನರ್ ಹಿಡಿಯಲಿಲ್ಲ. ಚಾಲಕನ ಪಕ್ಕ ಕೂತು, ಓಡಿಸಲು ಹೇಳಿ, ದೀಪವನ್ನು ನೋಡುತ್ತಾ ಕೂತ. ಬಲಕ್ಕೆ ತಿರುಗಿದಾಗಲೆಲ್ಲ ಅದು ಹತ್ತಿತು.

"ಅಣ್ಣ, ಈ ಲೈಟು ಮೊದಲನೇ ಸಲ ಹತ್ತಿದ್ದು ಯಾವತ್ತು?"

"ಆಯುಧಪೂಜೆ ಆದ ಮಾರನೇ ದಿನ. ಪೂಜೇಲಿ ಏನೂ ಕಮ್ಮಿ ಮಾಡಿರಲಿಲ್ಲ, ಮೇಸ್ತ್ರಿ."

ಮೇಸ್ತ್ರಿ ಮುಂದಿನ ಎಡಚಕ್ರಕ್ಕೆ ಜಾಕ್ ಕೊಟ್ಟು ಬಿಚ್ಚಿದ. ಚಕ್ರದ ವೇಗ ಅಳೆದು ಹೇಳುವ ಸಣ್ಣ ಸೆನ್ಸರ್ ಒಂದು ಅಲ್ಲಿರುತ್ತದೆ. ಅದರ ವೈರಿಗೆ ನೈಲಾನ್ ದಾರ ಸುತ್ತಿಕೊಂಡು, ಇನ್ನೊಂದು ತುದಿ ತಿರುಗುವ ಶಾಫ್ಟಿಗೆ ಬಿಗಿದಿತ್ತು. ಒಂದು ದಾರವಲ್ಲ, ಮೂರು ನಾಲ್ಕು. ನಡುವೆ ಒಣಗಿದ ಚೆಂಡುಹೂವಿನ ಎಸಳು. ಎಳೆದು ಎಳೆದು ವೈರು ಒಳಗೊಳಗೇ ಮುರಿದಿತ್ತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಸಾಕು, ಅದರ ಸಂಪರ್ಕ ತಪ್ಪುತ್ತಿತ್ತು.

ಕಾರಿನಿಂದ ಇಳಿದು ನಿಂತಿದ್ದ ಹೆಂಡತಿ ಹತ್ತಿರ ಬಂದು ನೋಡಿದಳು. ಅದು ಅವಳದೇ ದಾರ. ಹಿಂದಿನ ವರ್ಷ ಆಯುಧಪೂಜೆಗೆ ಕಟ್ಟಿದ ಹಾರ, ಹತ್ತಿಯ ದಾರ ಕಡಿದು, ದಾರಿಯಲ್ಲಿ ಬಿದ್ದಿತ್ತು. ಅಪಶಕುನ ಆಗಬಾರದೆಂದು ಈ ವರ್ಷ ಗಟ್ಟಿಯಾದದ್ದನ್ನೇ ತಂದಿದ್ದಳು. ಅವಳು ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮೇಸ್ತ್ರಿ ಬೇರೆ ವೈರು ಹಾಕಿದ. "ಹಾರ ಬಿಡಬೇಡಿ, ತಾಯಿ. ತಿರುಗೋ ಚಕ್ರಕ್ಕೆ ಮಾತ್ರ ಗಂಟು ಹಾಕಬೇಡಿ" ಎಂದ.

ಅಂದು ದೀಪ ಹತ್ತಲಿಲ್ಲ. ಘಾಟಿಯಲ್ಲಿ ಬಾಗಿಲಿನ ಹಿಡಿ ಬಿಡದೆ ಕೂರುತ್ತಿದ್ದ ಹೆಂಡತಿ ಮೂರನೆಯ ತಿರುವು ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಚಾಲಕ ಮನೆಯವರೆಗೂ ಹಾರ್ನ್ ಮಾಡಲಿಲ್ಲ.

ಇಷ್ಟು ಹೇಳಿ ಗುರುಗಳು ನೀರು ಕುಡಿದರು.

ಶಿಷ್ಯನಿಗೆ ಕತೆ ತುಂಬಾ ಹಿಡಿಸಿತು. "ಎಂಥ ಪೆದ್ದ! ದೀಪ ಹತ್ತಿದ್ದು ಯಾವ ದಿನ ಎಂದು ಅವನೇ ಒಮ್ಮೆ ಯೋಚಿಸಬಾರದಿತ್ತೇ?" ಎಂದು ನಕ್ಕ.

ಗುರುಗಳೂ ನಕ್ಕರು. "ನಿನಗೆ ನೆಮ್ಮದಿ ತಪ್ಪಿದ್ದು ಯಾವ ವಾರ, ಮಗೂ?"

ಅಂದು ಶನಿವಾರ. ಆದರೂ ಶಿಷ್ಯ ಮಾತಾಡಲಿಲ್ಲ.