ಹಾಗಲಕಾಯಿ ಬಿಟ್ಟ ರಾಯರು

ಒಂದೇ ಸಾಲಿನಲ್ಲಿ ಕೂತವರಿಗೆ ಒಂದೇ ಸಮ ಬಡಿಸದಿದ್ದರೆ ಅದಕ್ಕೊಂದು ಹೆಸರಿದೆ. ಪಂಕ್ತಿ... ಪಂಕ್ತಿ ಏನೋ. ಈ ನಾಗಪುರಕ್ಕೆ ಬಂದ ಮೇಲೆ ಆ ಮಾತು ಆಡುವವರೇ ಇಲ್ಲ, ಪುಟ್ಟಿ. ಇರಲಿ, ಕಥೆ ಮರೆತಿಲ್ಲ.

ನಮ್ಮೂರಲ್ಲಿ ಜವಳಿ ಅಂಗಡಿಯ ವೆಂಕೋಬರಾಯರಿದ್ದರು. ಅವರ ತಂಗಿಯ ಗಂಡ ಅದೇ ಅಂಗಡಿಯಲ್ಲಿ ಗುಮಾಸ್ತ. ಅವನಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಇನ್ನು ಸಿಹಿ ಮುಟ್ಟಿದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ದೀಪಾವಳಿಯ ಊಟಕ್ಕೆ ಮನೆಮಂದಿಯೆಲ್ಲ ಕೂತಿದ್ದರು. ಗುಮಾಸ್ತ ಹೋಳಿಗೆ ಬೇಡವೆಂದ. ರಾಯರು ಗದರಿದರು: "ಹಾಕ್ರೀ ಅವನಿಗೆ! ನನ್ನ ಮನೆ ಹೋಳಿಗೆ ಬೇಡ ಅನ್ನೋನಿಗೆ ನನ್ನ ಅಂಗಡಿ ಕೆಲಸ ಯಾಕೆ?"

ಗುಮಾಸ್ತ ಕೈಮುಗಿದ. "ಹಾಕಲಿ ಭಾವ. ಆದರೆ ಎಲ್ಲರ ಎಲೆಯಲ್ಲೂ ಹಾಗಲಕಾಯಿ ಪಲ್ಯವಿದೆ, ನಿಮ್ಮದರಲ್ಲಿ ಇಲ್ಲ. ಹಬ್ಬದ ದಿನ ಭೇದ ಮಾಡಬಾರದು. ನಿಮಗೆ ಪಲ್ಯ, ನನಗೆ ಹೋಳಿಗೆ, ಒಟ್ಟಿಗೇ ಬೀಳಲಿ."

"ಏಯ್, ಹಾಗಲಕಾಯಿ ನಾನು ಕಾಶಿಯಲ್ಲಿ ಬಿಟ್ಟು ಬಂದಿದ್ದೀನಿ!"

"ಹೋಳಿಗೆ ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದೀನಿ, ಭಾವ."

ಸಾಲೆಲ್ಲ ನಕ್ಕಿತು. ರಾಯರ ತಾಯಿ ಬಾಗಿಲಲ್ಲಿ ನಿಂತು, "ಇವನಿಗೆ ಹಾಗಲಕಾಯಿ ಹುಟ್ಟಿದಾಗಿನಿಂದ ಸೇರಲ್ಲ. ಸೇರದ್ದನ್ನ ಕಾಶಿಯವರೆಗೂ ಹೊತ್ತುಕೊಂಡು ಹೋಗಿ ಬಿಟ್ಟ! ಅಳಿಯ ಬಿಟ್ಟದ್ದು ಪ್ರಾಣಕ್ಕಿಂತ ಇಷ್ಟವಾದ್ದನ್ನ," ಎಂದರು.

ರಾಯರ ಮುಖ ಕೆಂಪಾಯಿತು. "ಹಾಗಾದರೆ ಆ ಹಾಗಲಕಾಯಿಯನ್ನೇ ಸುರೀರಿ ಅವನಿಗೆ!"

ಗುಮಾಸ್ತ ಎಲೆಯನ್ನು ಮುಂದಕ್ಕೆ ಸರಿಸಿದ. "ಡಾಕ್ಟರೂ ಅದನ್ನೇ ಹೇಳಿದ್ದು, ಭಾವ."

ಪಂಕ್ತಿಭೇದ! ಈಗ ಬಂತು ನೋಡು. ಪುಟ್ಟಿ, ಮತ್ತೆ ಮರೆಯೋದರೊಳಗೆ ಬರೆದುಕೊಳ್ಳೇ.